ಫಕ್ಕೀರಪ್ಪನ ನಿರ್ಣಾಯಕವೂ ಬನವ್ವನ ಎರಡನೆಯ ಆವೃತ್ತಿಯೂ

“ಮಾಸ್ತರ್ರ, ಜಗತ್ತಿನಾಗ ಮೊದಲನೇ ಸಲ ಒಂದು ಯಂತ್ರ ನ್ಯಾಯಾ ಹೇಳಾಕ ನಿಂತೈತಿ! ನೀವು ನೋಡಿದ್ರ ಪೇಪರ್ ಓದಕೋತ ಕುಂತೀರಲ್ಲ! ಏಳ್ರಿ, ಏಳ್ರಿ!”

ಬೆಳಗಿನ ಏಳು ಗಂಟೆಗೆ ನಮ್ಮ ಕಟ್ಟೆಯ ಮುಂದೆ ನಿಂತು ಹೀಗೆ ಗರ್ಜಿಸಿದವನು ನೆರೆಮನೆಯ ಫಕ್ಕೀರಪ್ಪ ಮುಳಗುಂದ. ದೂರವಾಣಿ ಕಚೇರಿಯಲ್ಲಿ ಮೂವತ್ತು ವರ್ಷ ತಂತಿಗೆ ತಂತಿ ಕೂಡಿಸಿ ನಿವೃತ್ತನಾದ ಈ ಮಹಾಶಯನು, ನಿವೃತ್ತಿಯ ಮರುದಿನದಿಂದಲೇ ಬೆಟಗೇರಿಯ ನಮ್ಮ ನೂಲಿನ ಓಣಿಯ ನಲವತ್ತು ಮನೆಗಳನ್ನೂ ತನ್ನ ಪ್ರಯೋಗಶಾಲೆಯೆಂದು ಭಾವಿಸಿಕೊಂಡಿದ್ದನು. ಅವನ ರೊಟ್ಟಿ ಬಡಿಯುವ ಯಂತ್ರವು ಹಾರಿಸಿದ ರೊಟ್ಟಿಯೊಂದು ಮೂರು ಮನೆಯಾಚೆಗಿನ ಗೂಳಪ್ಪನ ತಲೆಯ ಮೇಲೆ ಟೊಪ್ಪಿಗೆಯಂತೆ ಬಂದು ಕುಳಿತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗೂಳಪ್ಪನು ಅದನ್ನು ತೆಗೆದು, ಪಲ್ಯ ಹಚ್ಚಿಕೊಂಡು ತಿಂದನೆಂಬುದನ್ನೂ ಸತ್ಯದ ದೃಷ್ಟಿಯಿಂದ ಹೇಳಲೇಬೇಕು.

ಅವನ ಅಂಗಳಕ್ಕೆ ಹೋಗಿ ನೋಡಿದೆ. ಮಗುವಿನ ನಡೆಗಾಡಿಯ ಚಕ್ರಗಳ ಮೇಲೆ ದೊಡ್ಡದೊಂದು ಹಿಟ್ಟಿನ ಡಬ್ಬಿ. ಡಬ್ಬಿಯ ಮೇಲೆ ಟೇಬಲ್ ಫ್ಯಾನಿನ ಜಾಳಿಗೆಯ ಮುಖ. ಮುಖದ ಮಗ್ಗುಲಲ್ಲಿ ಹಳೆಯ ಟೆಲಿಫೋನಿನ ರಿಸೀವರು. ನೆತ್ತಿಯ ಮೇಲೆ ಸೈಕಲ್ ಗಂಟೆ.

“ಇದರ ಹೆಸರು ನಿರ್ಣಾಯಕ!” ಎಂದು ಫಕ್ಕೀರಪ್ಪನು ಎದೆಯುಬ್ಬಿಸಿದನು.

“ಅದರ ಹೆಸರು ಹಿಟ್ಟಿನ ಡಬ್ಬಿ!” ಎಂದು ಅವನ ಹೆಂಡತಿ ನಿಂಬೆವ್ವ ಒಳಗಿನಿಂದ ಕೂಗಿದಳು. “ಹಿಟ್ಟೆಲ್ಲಾ ಪರಾತದಾಗ ಸುರುವಿ ಡಬ್ಬಿ ಒಯ್ದಾರ ನೋಡ್ರಿ ಮಾಸ್ತರ್ರ!”

“ಏ, ಇತಿಹಾಸದಾಗ ನಿನ್ನ ಡಬ್ಬಿ ಹೆಸರು ಬರತೈತಿ!”

“ಇತಿಹಾಸದಾಗ ಬರ್ಲಿ, ಅಡಗಿಮನ್ಯಾಗ ಯಾಕ ಬರವಲ್ದು?”

ಈ ಯಂತ್ರವು ನಿರ್ಣಯಿಸಬೇಕಾದದ್ದು ಏನನ್ನು ಎಂಬುದನ್ನು ಇಲ್ಲಿಯೇ ವಿವರಿಸುವುದು ಉಚಿತ. ಹನ್ನೊಂದು ವರ್ಷಗಳಲ್ಲಿ ಫಕ್ಕೀರಪ್ಪನು ಓಣಿಯ ಪ್ರತಿಯೊಂದು ಮನೆಗೂ ಒಂದಲ್ಲ ಒಂದು ಪೆಟ್ಟಿಗೆಯನ್ನು ಮಾಡಿಕೊಟ್ಟಿದ್ದನು. ಎಂಟು ದಿನಕ್ಕೊಮ್ಮೆ ನಳಕ್ಕೆ ನೀರು ಬರುವಾಗ ಕೂಗಿ ಹೇಳುವ ಪೆಟ್ಟಿಗೆ, ಬಂದವರ ಹೆಸರನ್ನು ಸಾರುವ ಕರೆಗಂಟೆಯ ಪೆಟ್ಟಿಗೆ, ಮೋಟಾರು, ಮಿಕ್ಸರು, ಬಟ್ಟೆ ಒಗೆಯುವ ಯಂತ್ರ, ಮನೆ ಮುಂದಿನ ಬೀದಿದೀಪಗಳನ್ನು ನಡೆಸುವ ಪೆಟ್ಟಿಗೆ. ಇವೆಲ್ಲವೂ ‘ಮುಂಗುಸಿ’ ಎಂಬ ಒಂದು ಯಂತ್ರಭಾಷೆಯಲ್ಲಿ ಯೋಚಿಸುತ್ತವೆ. ಪ್ರತಿಯೊಂದಕ್ಕೂ ಬೇರೆಬೇರೆಯಾಗಿ ಬರೆಯುವ ಶ್ರಮವನ್ನು ತಪ್ಪಿಸಲು, ಎಲ್ಲಕ್ಕೂ ಬೇಕಾಗುವ ಬರಹಗಳನ್ನು ಅವನು ಒಂದೇ ಕಡೆ ಕೂಡಿಹಾಕಿದ್ದನು. ಅದಕ್ಕೆ ಲೈಬ್ರರಿ ಎಂದು ಹೆಸರಂತೆ. ದಿನವೂ ಬೆಳಗ್ಗೆ ಓಣಿಯ ಪೆಟ್ಟಿಗೆಗಳೆಲ್ಲ ಗಾಳಿಯಲ್ಲಿಯೇ ಆ ಲೈಬ್ರರಿಯನ್ನು ವಿಚಾರಿಸಿಕೊಂಡು ತಮ್ಮ ಕೆಲಸಕ್ಕೆ ತೊಡಗುತ್ತವೆ.

ತೊಡಕು ಎಲ್ಲಿ ಬಂತೆಂದರೆ, ಯಂತ್ರಗಳ ಭಾಷೆಯೂ ಸುಮ್ಮನೆ ಕುಳಿತಿರುವುದಿಲ್ಲ. ಮುಂಗುಸಿಗೆ ಎರಡನೆಯ ಆವೃತ್ತಿಯಾಯಿತು, ಮೂರನೆಯದಾಯಿತು, ಈಗ ನಾಲ್ಕನೆಯದು ಬಂದಿದೆ. ಹಳೆಯ ಆವೃತ್ತಿಯ ಕಾಲದಲ್ಲಿ ಹುಟ್ಟಿದ ಪೆಟ್ಟಿಗೆಗೆ ಹೊಸ ಆವೃತ್ತಿಯ ಬರಹ ಅರ್ಥವಾಗದು; ಅರ್ಥವಾಗದ ಒಂದು ಮಾತು ಸಿಕ್ಕರೂ ಅದು ಬಾಯಿ ಮುಚ್ಚಿಬಿಡುತ್ತದೆ. ಆದ್ದರಿಂದ ಫಕ್ಕೀರಪ್ಪನು ಲೈಬ್ರರಿಯ ಪ್ರತಿಯೊಂದು ಮಾತನ್ನೂ ಮೂರು ಬಗೆಯಲ್ಲಿ ಬರೆಯಬೇಕಾಗಿತ್ತು. ಅಷ್ಟರಲ್ಲಿ ಓಣಿಗೆ ಹೊಸ ಕೊಳವೆಗಳು ಬಂದವು. ಹಳೆಯ ಕೊಳವೆಗಳಲ್ಲಿ ನೀರಿಗಿಂತ ಮೊದಲು ಗೊಳಗೊಳ ಎಂದು ಗಾಳಿ ಬರುತ್ತಿತ್ತು. ಆ ಸದ್ದನ್ನು ಕೇಳಿ ಪೆಟ್ಟಿಗೆ ಕೂಗುತ್ತಿತ್ತು. ಹೊಸ ಕೊಳವೆಗಳಲ್ಲಿ ನೀರು ಬೆಕ್ಕಿನಂತೆ ಸದ್ದಿಲ್ಲದೆ ಬಂದು, ಸದ್ದಿಲ್ಲದೆ ಹೋಗತೊಡಗಿತು! ಹೋದ ಸರದಿಯಲ್ಲಿ ಪೆಟ್ಟಿಗೆಗಳು ಕೂಗುವಷ್ಟರಲ್ಲಿ ಅರ್ಧ ನೀರು ಮುಗಿದಿತ್ತು. ನೀರಿನ ಬರಹವನ್ನು ಬುಡದಿಂದ ಹೊಸದಾಗಿ ಬರೆಯಬೇಕು. ಅದೂ ಮೂರು ಆವೃತ್ತಿಗಳಲ್ಲಿ.

“ಎರಡನೇದನ್ನ ಕೈಬಿಟ್ರ ನಾ ಬದುಕ್ತೀನ್ರಿ,” ಎಂದನು ಫಕ್ಕೀರಪ್ಪ.

“ಎರಡನೇ ಆವೃತ್ತ್ಯಾಗ ಈಗ ಎಷ್ಟು ಪೆಟಗಿ ಅದಾವ?”

“ಒಂದು.”

“ಯಾರ್ದು?”

ಅವನು ನನ್ನ ಮುಖ ನೋಡದೆ ಚಕ್ರಕ್ಕೆ ಎಣ್ಣೆ ಬಿಡುತ್ತ ಹೇಳಿದನು: “ಬನವ್ವಂದು.”

ನಾನು ಕೈಯಲ್ಲಿದ್ದ ಪೇಪರನ್ನು ಮಡಚಿ ಕಂಕುಳಲ್ಲಿಟ್ಟುಕೊಂಡೆ.

ಬನವ್ವ ಎಂದರೆ ಬನಶಂಕರವ್ವ; ವಯಸ್ಸು ಎಂಬತ್ತೊಂದು. ನಮ್ಮ ಓಣಿಯಲ್ಲಿ ಇನ್ನೂ ಸದ್ದು ಮಾಡುತ್ತಿರುವ ಕೈಮಗ್ಗ ಅವಳದೊಂದೇ. ಕಣ್ಣಿಗೆ ಈಗ ಬಣ್ಣ ಕಾಣದು, ಎಣಿಕೆ ಕಾಣದು. ಹನ್ನೊಂದು ವರ್ಷದ ಹಿಂದೆ, ಕಣ್ಣಿನ ಬೆಳಕು ಹೋಗತೊಡಗಿದಾಗ, ತಾನು ಬಲ್ಲ ಸೀರೆಯ ದಡಿಗಳನ್ನೆಲ್ಲ, ಅಂದರೆ ಅಂಚಿನ ಚಿತ್ತಾರಗಳನ್ನೆಲ್ಲ, ಅವಳು ಎಳೆ ಎಣಿಸಿ ಎಣಿಸಿ ಫಕ್ಕೀರಪ್ಪನಿಗೆ ಹೇಳಿದ್ದಳು. ಅವನು ಅವನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿಸಿಕೊಟ್ಟಿದ್ದನು. ಅವನು ಮಾಡಿದ ಮೊಟ್ಟಮೊದಲ ಪೆಟ್ಟಿಗೆ ಅದು. ಅವಳ ಕಾಲು ಮಗ್ಗದ ಕಾಲಮಣೆಯನ್ನು ತುಳಿದೊಡನೆ ಅದು “ಕೆಂಪು ಎರಡು, ಹಳದಿ ಒಂದು, ಹಸರ ಬಿಡು” ಎಂದು ಹೇಳುತ್ತಾ ಹೋಗುತ್ತದೆ. ಅವಳ ಬೆರಳು ಅದರಂತೆ ನಡೆಯುತ್ತದೆ. ಪೆಟ್ಟಿಗೆಯ ಹೊಟ್ಟೆ ಹೊಸ ಆವೃತ್ತಿಯನ್ನು ಹಿಡಿಸಲಾರದಷ್ಟು ಚಿಕ್ಕದು. ಬಿಚ್ಚಿದರೆ ಒಳಗಿನ ದಡಿಗಳೂ ಅಳಿಯುವುದು ಖಂಡಿತ.

“ಅದಕ ಯಂತ್ರಾ ಮಾಡಿದ್ಯಾ?”

“ನನ್ನ ಬಾಯಿಲೆ ಹ್ಯಾಂಗ ಹೇಳ್ಲಿ ಮಾಸ್ತರ್ರ, ಯವ್ವಾ ನಿಂದು ಇನ್ನ ಬಂದ್ ಅಂತ? ಇದು ಮನಿಮನಿಗೆ ಹೋಗಿ ಕೇಳತೈತಿ. ಬೇಕಂದವರ ಆವೃತ್ತಿ ಉಳಿಸತೈತಿ, ಬ್ಯಾಡಂದವರದು ತಗೀತೈತಿ. ನಂದೇನೂ ಇಲ್ಲ ನಡುವ!”

“ಹೆದರಿ ಡಬ್ಬಿ ಹಿಂದ ಅಡಗಿಕೊಂಡಾರ್ರಿ!” ಎಂದು ಒಳಗಿನಿಂದ ಮತ್ತೆ ತೀರ್ಪು ಬಂತು.

ನಿರ್ಣಾಯಕವು ಟ್ರಿಣ್ ಎಂದು ಗಂಟೆ ಬಾರಿಸಿ, ಓಲಾಡುತ್ತ ಓಣಿಗೆ ಇಳಿಯಿತು.

ಮೊದಲ ಭೇಟಿ ನನ್ನದೇ ಮನೆಗೆ. ಡಬ್ಬಿಯೊಳಗಿನಿಂದ ಫಕ್ಕೀರಪ್ಪನದೇ ದನಿ, ಬಾವಿಯಿಂದ ಬಂದಂತೆ, ಕೇಳಿಸಿತು: “ನಮಸ್ಕಾರ! ನಿಮ್ಮ ಪೆಟಗಿ ಆವೃತ್ತಿ ಮುಂದುವರಸೋದು ಬೇಕೋ, ಬ್ಯಾಡೋ?”

ಬಾಗಿಲಿಗೆ ಬಂದವರು ಏನಾದರೂ ಬೇಕೇ ಎಂದು ಕೇಳಿದರೆ, ಮರ್ಯಾದಸ್ಥನಾದವನು ಒಮ್ಮೆಲೇ ಬೇಕು ಎನ್ನುವುದುಂಟೇ? “ನಂದೇನು ದೊಡ್ಡದ್ರಿ! ಬ್ಯಾಡ ಬಿಡ್ರಿ. ಮೊದಲ ಉಳದವರ್ದು ನೋಡ್ರಿ,” ಎಂದೆ.

ಟ್ರಿಣ್!

ಅದು ಮುಂದಕ್ಕೆ ಉರುಳಿತು. ಮಗ್ಗದ ಸಾಮಾನಿನ ಅಂಗಡಿಯ ಗೂಳಪ್ಪನು ಎರಡೂ ಕೈ ಮುಗಿದು, “ಏ ಬ್ಯಾಡ, ಬ್ಯಾಡ! ನೀವು ಬಂದದ್ದ ಹೆಚ್ಚಾತು. ಕುಂಡ್ರಿ, ಚಹಾ ತಗೋರಿ!” ಎಂದನು. ಟ್ರಿಣ್! ಅವನಾಚೆಯ ಮನೆಯವರು “ನಮ್ಮದು ಹ್ಯಾಂಗರ ನಡೀತೈತಿ” ಎಂದರು. ಟ್ರಿಣ್! ಕೊನೆಯ ಮನೆಯಲ್ಲಿ ಬನವ್ವ ಲಾಳಿಯನ್ನು ಕೈಯಲ್ಲಿ ಹಿಡಿದುಕೊಂಡೇ, “ನಂದೇನಪಾ, ಮುದುಕಿದು! ಬ್ಯಾಡ, ನೀರಿಂದು ನೋಡ್ರಿ ಮೊದಲ,” ಎಂದಳು. ಟ್ರಿಣ್!

ನಲವತ್ತು ಮನೆಗಳ ನಲವತ್ತು ‘ಬ್ಯಾಡ’ಗಳನ್ನು ಹೊತ್ತುಕೊಂಡು ಯಂತ್ರವು ಒಂಬತ್ತೂವರೆಗೆ ಮರಳಿತು. ಆಮೇಲೆ ತನ್ನ ಕರ್ತವ್ಯವನ್ನು ಎಳ್ಳಷ್ಟೂ ಲೋಪವಿಲ್ಲದೆ ನೆರವೇರಿಸಿತು. ಎರಡನೆಯ ಆವೃತ್ತಿಯನ್ನು ತೆಗೆಯಿತು, ಮೂರನೆಯದನ್ನು ತೆಗೆಯಿತು, ನಾಲ್ಕನೆಯದನ್ನೂ ತೆಗೆಯಿತು! ಲೈಬ್ರರಿಯಲ್ಲಿ ಉಳಿದದ್ದು ‘ನಮಸ್ಕಾರ’ ಎಂಬ ಒಂದೇ ಮಾತು.

ಹತ್ತು ಗಂಟೆಗೆ ಓಣಿಯೆಲ್ಲ ಮೌನವಾಯಿತು. ಮಿಕ್ಸರು ನಿಂತಿತು, ಕರೆಗಂಟೆ ನಿಂತಿತು. ನಾವು ಅದನ್ನು ಶಾಂತಿಯೆಂದು ತಿಳಿದು ಸಂತೋಷಪಟ್ಟೆವು. ಅದೇ ಶಾಂತಿಯ ನಡುವೆ ನಳಕ್ಕೆ ನೀರು ಬಂತು, ಕೂಗುವ ಪೆಟ್ಟಿಗೆಯೇ ಇಲ್ಲವಾದ್ದರಿಂದ ಒಂದು ತಾಸು ಹರಿಯಿತು, ಹೋಯಿತು. ನಳದ ಕೆಳಗೆ ಕಟ್ಟಿದ್ದ ಗೂಳಪ್ಪನ ಎಮ್ಮೆಯೊಂದೇ ಆ ದಿನ ನೂಲಿನ ಓಣಿಯಲ್ಲಿ ತಲೆತುಂಬ ಸ್ನಾನ ಮಾಡಿದ ಪ್ರಾಣಿ!

ಖಾಲಿ ಕೊಡಗಳ ಮೆರವಣಿಗೆಯೊಂದು ಫಕ್ಕೀರಪ್ಪನ ಅಂಗಳಕ್ಕೆ ಬಂತು.

“ಎಂಟು ದಿನದ ನೀರ್ರೀ! ಎಂಟು ದಿನದ್ದು!” ಎಂದು ಗೂಳಪ್ಪನು ಹಾರಾಡಿದನು. “ನಮ್ಮ ಪೆಟಗಿ ಯಾಕ ಬಂದ್ ಮಾಡಿದಿ?”

“ನೀನ ಬ್ಯಾಡಂದಿಯಲ್ಲೋ! ಇಲ್ಲಿ ಬರಕೊಂಡೈತಿ ನೋಡು. ‘ಏ ಬ್ಯಾಡ, ಬ್ಯಾಡ.’ ಎರಡು ಸಲ ಅಂದಿ!”

“ಬ್ಯಾಡಂದ್ರ ಬ್ಯಾಡಂತ ತಿಳಕೊಳ್ಳೂದ? ಯಾ ಊರಾಂವೋ ನೀನು?”

ಫಕ್ಕೀರಪ್ಪನು ನನ್ನ ಕಡೆ ತಿರುಗಿದನು. “ಮಾಸ್ತರ್ರ, ನೀವರ ಹೇಳ್ರಿ. ಬ್ಯಾಡ ಅಂದ್ರ ಅರ್ಥ ಏನು?”

ನಾನು ಉತ್ತರ ಕೊಡುವ ಮೊದಲೇ ನಿಂಬೆವ್ವ ಸೆರಗು ಬಿಗಿದುಕೊಂಡು ಹೊರಗೆ ಬಂದಳು. “ಅವರನ್ನ್ಯಾಕ ಕೇಳ್ತೀರಿ? ನನ್ನ ಕೇಳ್ರಿ. ನೀವು ಕನ್ಯಾ ನೋಡಾಕ ಬಂದಾಗ ನಮ್ಮಪ್ಪ ‘ಹುಡುಗ ಒಪ್ಪಗಿ ಏನವಾ?’ ಅಂತ ಕೇಳಿದ್ರು. ನಾ ಏನಂದ್ನಿ?”

“ಬ್ಯಾಡಂದಿ,” ಎಂದು ಫಕ್ಕೀರಪ್ಪನು ಸಣ್ಣ ದನಿಯಲ್ಲಿ ಹೇಳಿದನು.

“ಎರಡನೇ ಸಲ ಕೇಳಿದಾಗ?”

“ಬ್ಯಾಡಂದಿ.”

“ಮೂರನೇ ಸಲ?”

“...ಸುಮ್ನ ಕುಂತಿ.”

“ಹಾಂ! ಮೂರನೇ ಸಲ ಕೇಳಿದ್ದಕ್ಕ ನಲವತ್ತೆರಡು ವರ್ಷಾತು, ನನ್ನ ಹಿಟ್ಟಿನ ಡಬ್ಬಿ ಕಳ್ಕೊಂಡು ನಿಂತೀನಿ. ನಮ್ಮ ಮಂದಿನ್ನ ಒಂದು ಸಲ ಕೇಳಿ ಬಿಟ್ಟು ಬರೂದಂದ್ರ ಕೇಳದಂಗ!”

ಫಕ್ಕೀರಪ್ಪನು ಹಣೆ ಚಚ್ಚಿಕೊಂಡನು.

ಲೈಬ್ರರಿಯ ಹಳೆಯ ಪ್ರತಿ ಅವನ ಬಳಿ ಇತ್ತು. ಅದನ್ನು ಮರಳಿ ಏರಿಸುವುದಕ್ಕೆ ಆ ದಿನವೆಲ್ಲ ಬೇಕಾಗುತ್ತಿತ್ತು. ಆದರೆ ಅದರಿಂದ ನೀರಿನ ಪ್ರಶ್ನೆ ಬಗೆಹರಿಯುವುದಿಲ್ಲವಷ್ಟೆ. ಮುಂದಿನ ಸರದಿಗೆ ಎಂಟೇ ದಿನ. ಹೊಸ ಬರಹವನ್ನು ಮೂರು ಬಗೆಯಲ್ಲಿ ಬರೆಯಲು ತಿಂಗಳು ಬೇಕು. ಒಂದೇ ಬಗೆಯಲ್ಲಿ ಬರೆದರೆ ಎಂಟು ದಿನ ಸಾಕು. ಮೂರನೆಯ ಆವೃತ್ತಿಯ ಪೆಟ್ಟಿಗೆಗಳನ್ನು ನಾಲ್ಕನೆಯದಕ್ಕೆ ಏರಿಸಬಹುದು. ಅಂದರೆ, ಮೂವತ್ತೊಂಬತ್ತು ಮನೆಗಳಿಗೆ ನೀರು. ಒಂದು ಮನೆಗೆ ಮೌನ.

ಸಂಜೆ ನಾವಿಬ್ಬರೂ ಬನವ್ವನ ಮನೆಗೆ ಹೋದೆವು. ಅವಳ ಪೆಟ್ಟಿಗೆ ಇನ್ನೂ ಎದ್ದಿರಲಿಲ್ಲ. ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಸುಮ್ಮನೆ ಕುಳಿತಿದ್ದಳು. ಅರ್ಧ ನೆಯ್ದ ಸೀರೆ ಅವಳ ಮುಂದೆ ಬಿಗಿದು ನಿಂತಿತ್ತು.

“ಮಾಸ್ತರ, ಬಂದ್ರೇನು? ಕುಂಡ್ರಿ,” ಎಂದಳು, ಹೆಜ್ಜೆಯ ಸದ್ದಿನಿಂದಲೇ ಗುರುತಿಸಿ. “ಛಲೋ ಆತು. ಇಷ್ಟು ದಿನ ನೇದದ್ದು ಸಾಕಾತು. ಈ ಕುಣಿಗೆ ಮಣ್ಣು ಹಾಕವ್ರು ಯಾರರ ಇದ್ರ ಹೇಳ್ರಿ. ನೆಲಾ ಸಾಪಾದ್ರ ಬಂದವರಿಗೆ ಚಾಪಿ ಹಾಸಾಕ ಜಾಗಾ ಆಗತೈತಿ.”

ನಗುತ್ತಲೇ ಹೇಳಿದಳು. ಆದರೆ ಬೆರಳುಗಳು ತೊಡೆಯ ಮೇಲೆ ಒಂದೊಂದಾಗಿ ಏನನ್ನೋ ಎಣಿಸುತ್ತಿದ್ದವು. ಫಕ್ಕೀರಪ್ಪನು ಬಾಗಿಲಿನಲ್ಲಿ ನಿಂತವನು ಒಳಗೇ ಬರಲಿಲ್ಲ.

ಆ ರಾತ್ರಿಯೇ ಅವನು ಯಂತ್ರಕ್ಕೆ ನಮ್ಮ ಊರಿನ ರೀತಿಯನ್ನು ಕಲಿಸಿದನು. ಮೂರು ಸಲ ಕೇಳಬೇಕು, ಮೊದಲ ಎರಡು ‘ಬ್ಯಾಡ’ಗಳನ್ನು ಲೆಕ್ಕಕ್ಕೆ ಹಿಡಿಯಬಾರದು, ಮರ್ಯಾದೆಯ ನಿರಾಕರಣೆ ಎಂದರೇನು, ಸಂಕೋಚವೆಂದರೇನು, ‘ಮೊದಲು ನೀವು’ ಎಂದರೇನು ಎಂಬುದನ್ನೆಲ್ಲ ಸವಿಸ್ತಾರವಾಗಿ ಬರೆದನು. ಎಲ್ಲಕ್ಕೂ ಬೇಕಾಗುವಂಥದ್ದನ್ನು ಲೈಬ್ರರಿಯಲ್ಲಿಡಬೇಕೆಂಬುದು ಅವನ ನಿಯಮವಷ್ಟೆ. ಮರ್ಯಾದೆಯಂತೂ ಎಲ್ಲರಿಗೂ ಬೇಕಾದದ್ದೇ! ಅದನ್ನೂ, ಇನ್ನೂ ಓಣಿಗೆ ತೆರೆಯದ ಹೊಸ ಲೈಬ್ರರಿಯಲ್ಲೇ ಇಟ್ಟನು. ಅದರ ಫಲವನ್ನು ಮುಂದೆ ಹೇಳುತ್ತೇನೆ.

ಮರುದಿನ ನಿರ್ಣಾಯಕವು ನೇರವಾಗಿ ಬನವ್ವನ ಮನೆಗೆ ಹೋಯಿತು. ನಾವಿಬ್ಬರು, ಒಟ್ಟಿಗೆ ನೂರೈವತ್ತು ವರ್ಷ ದಾಟಿದವರು, ಬಾಗಿಲ ಹಿಂದೆ ಕದ್ದು ನಿಂತೆವು.

“ನಮಸ್ಕಾರ! ನಿಮ್ಮ ಎರಡನೇ ಆವೃತ್ತಿ ಮುಂದುವರಸೋದು ಬೇಕೋ, ಬ್ಯಾಡೋ?”

“ಬ್ಯಾಡೋ ತಮ್ಮಾ. ನಿನ್ನೆ ಹೇಳಿದ್ನಲ್ಲ.”

ಯಂತ್ರವು ಗಂಟೆ ಬಾರಿಸಲಿಲ್ಲ. ಚಕ್ರದ ಮೇಲೆ ಒಂದು ಗೇಣು ಮುಂದೆ ಸರಿಯಿತು. “ಹಂಗನಬ್ಯಾಡ್ರಿ. ಬೇಕೋ, ಬ್ಯಾಡೋ?”

“ಏ, ಎಷ್ಟು ಸಲ ಕೇಳ್ತಿ? ಓಣಿ ನೀರು ದೊಡ್ಡದೋ, ಒಬ್ಬಾಕಿ ಮುದುಕಿ ದಡಿ ದೊಡ್ಡದೋ? ಬ್ಯಾಡ.”

ಯಂತ್ರವು ಇನ್ನೂ ಒಂದು ಗೇಣು ಸರಿಯಿತು. ಅದರ ಡಬ್ಬಿಯ ಹೊಟ್ಟೆ ಅವಳ ಮೊಣಕಾಲಿಗೆ ತಾಗಿತು. “ಸಂಕೋಚ ಮಾಡಬ್ಯಾಡ್ರಿ. ಬೇಕೋ, ಬ್ಯಾಡೋ?”

ಬನವ್ವ ಕೈ ಚಾಚಿ ಆ ತಣ್ಣಗಿನ ಡಬ್ಬಿಯನ್ನು ಮುಟ್ಟಿದಳು. ಮಕ್ಕಳ ತಲೆ ಸವರುವಂತೆ ಸವರಿದಳು.

“ಬೇಕಪಾ,” ಎಂದಳು. “ಕಣ್ಣಿದ್ದಾಗ ಕುಂತು, ಎಣಿಸಿ ಎಣಿಸಿ, ನೂರಾ ಹನ್ನೆರಡು ದಡಿ ಅದಕ ಹೇಳಿಕೊಟ್ಟೀನಿ. ನಮ್ಮತ್ತಿ ನಂಗ ಹೇಳಿಕೊಟ್ಟದ್ದು ಅವು. ಈಗ ಮತ್ತ ಹೇಳಂದ್ರ ನಂಗೂ ಬರೂದಿಲ್ಲ. ಅದು ಸುಮ್ಮಾತಂದ್ರ ನನ್ನ ಕೈನೂ ಸುಮ್ಮಾಗತಾವ. ಬೇಕು ನಂಗ.”

ಬಾಗಿಲ ಹಿಂದೆ ಫಕ್ಕೀರಪ್ಪನು ಟವೆಲಿನಿಂದ ಮುಖ ಒರೆಸಿಕೊಂಡನು. “ಹತ್ತಿ ಧೂಳು ಭಾಳ ಐತ್ರಿ ಇಲ್ಲಿ,” ಎಂದನು. ಮಗ್ಗದ ಮನೆಯಲ್ಲಿ ಹತ್ತಿಯ ಧೂಳು ಇದ್ದೇ ಇರುತ್ತದೆ. ನನ್ನ ಕಣ್ಣಿಗೂ ಬಿದ್ದಿತ್ತು.

ಅವನು ಒಳಗೆ ಹೋಗಿ ಅವಳ ಮುಂದೆ ಕುಳಿತನು. “ಯವ್ವಾ, ಉಳಸ್ತೀನಿ. ಆದ್ರ ಎಂಟು ದಿನದಾಗ ಮೂರು ನಮೂನಿ ಬರೆಯೋದು ನನ್ನ ಕೈಲಿ ಆಗೂದಿಲ್ಲ. ಓಣಿ ಮಂದಿ ನನ್ನ ಕೊಡದಾಗ ಹಾಕಿ ಮುಳುಗಸ್ತಾರ.”

“ಮುಳುಗಸಾಕ ನೀರೆಲ್ಲೈತಿ?” ಎಂದಳು ಬನವ್ವ. ಆಮೇಲೆ ಕೇಳಿದಳು: “ಮೂರು ನಮೂನಿ ಯಾಕ ಬರೀತಿ?”

“ಹಳೇದಕ ಹೊಸಾದು ತಿಳಿಯೂದಿಲ್ಲವಾ.”

“ಇಲ್ಲಿ ಬಾ.” ಅವಳು ಅವನ ಕೈ ಹಿಡಿದು ಮಗ್ಗದ ಹಿಂಬದಿಗೆ ಒಯ್ದು, ಬಿಗಿದು ನಿಂತ ಹಾಸಿನ ಉದ್ದನೆಯ ಎಳೆಗಳ ಮೇಲೆ ಅವನ ಬೆರಳನ್ನಿಟ್ಟಳು. “ಇಲ್ಲಿ ಎಳಿಗೆ ಎಳಿ ಕೂಡಿದ, ಗಂಟಿಲ್ಲದ ಸಂದು ಹತ್ತತೈತೇನು ಬೆರಳಿಗೆ? ಒಂದು ಹಾಸು ಮುಗೀತಂತ ಅದನ್ನ ಕಿತ್ತ ಒಗೀತೀವೇನು? ಒಂದು ಮೊಳ ಮಗ್ಗದಾಗ ಬಿಟ್ಟಿರ್ತೀವಿ. ಹಳೇದರ ಒಂದೊಂದು ಎಳಿಗೆ ಹೊಸಾದರ ಒಂದೊಂದು ಎಳಿ ಹೊಸೆದು ಕೂಡಸ್ತೀವಿ. ಹಳೇದನ್ನ ಹಿಡದು ಎಳದ್ರ, ಹೊಸಾದು ತನ್ನ ಹಾದಿ ತಾನ ಹಿಡಕೊಂಡು ಬರತೈತಿ. ಎರಡೆರಡು ಸಲ ಮಗ್ಗಾ ಹೂಡೂದಿಲ್ಲೋ ಮಳ್ಳ!”

ಫಕ್ಕೀರಪ್ಪನ ಬೆರಳು ಆ ಸಂದಿನ ಮೇಲೆಯೇ ನಿಂತುಬಿಟ್ಟಿತು. ಆಮೇಲೆ ಅವನು ಚಪ್ಪಲಿಯನ್ನು ಅಲ್ಲಿಯೇ ಮರೆತು ಮನೆಗೆ ಓಡಿದನು.

ಅವನು ಮಾಡಿದ್ದಿಷ್ಟು: ನೀರಿನ ಬರಹವನ್ನು ನಾಲ್ಕನೆಯ ಆವೃತ್ತಿಯಲ್ಲಿ ಒಂದೇ ಸಲ ಬರೆದನು. ಬನವ್ವನ ಪೆಟ್ಟಿಗೆಗಾಗಿ ಅದನ್ನೇ ಮತ್ತೆ ಎರಡನೆಯ ಆವೃತ್ತಿಯಲ್ಲಿ ಬರೆಯುವ ಬದಲು, ಹಳೆಯ ಮಾತು ಒಂದಕ್ಕೆ ಹೊಸ ಮಾತು ಒಂದನ್ನು ಹೊಸೆದು ಕೂಡಿಸುವ ಒಂದು ಮೊಳದ ಸಂದನ್ನು ಬರೆದನು. ಆರು ದಿನ ಊಟವನ್ನು ಬಲಗೈಯಲ್ಲೂ ಕೆಲಸವನ್ನು ಎಡಗೈಯಲ್ಲೂ ಮಾಡಿದನು. ನಿಂಬೆವ್ವ ಬೈಯುತ್ತಲೇ ತುತ್ತು ಕಲಸಿಕೊಟ್ಟಳು. ಏಳನೆಯ ದಿನ ಬೆಳಗ್ಗೆ ಹೊಸ ಲೈಬ್ರರಿಯನ್ನು ಓಣಿಗೆಲ್ಲ ತೆರೆದನು. ನೀರಿಗೆ ಒಂದು ದಿನ ಬಾಕಿ.

ನಾನು ಶೇಂಗಾ ಚಟ್ನಿಗೆಂದು ನಮ್ಮ ಮಿಕ್ಸರಿನ ಗುಂಡಿ ಒತ್ತಿದೆ.

“ಬ್ಯಾಡ್ರಿ, ಈಗರ ಊಟಾ ಆತು!” ಎಂದಿತು ಮಿಕ್ಸರು.

ಬೆಚ್ಚಿಬಿದ್ದು ಮತ್ತೆ ಒತ್ತಿದೆ. “ಖರೇನೂ ಬ್ಯಾಡ್ರಿ, ಹೊಟ್ಟಿ ತುಂಬೇತಿ!” ಮೂರನೆಯ ಸಲ ಒತ್ತಿದಾಗ, “ಅಷ್ಟು ಅಂದ್ರಿ ಅಂತ ಒಂದ ಸುತ್ತು,” ಎಂದು ಒಂದೇ ಸುತ್ತು ತಿರುಗಿ ನಿಂತಿತು!

ಪೆಟ್ಟಿಗೆಗಳೆಲ್ಲ ಲೈಬ್ರರಿಯಿಂದ ಮರ್ಯಾದೆಯನ್ನೂ ಎತ್ತಿಕೊಂಡುಬಿಟ್ಟಿದ್ದವು. ನಿಂಬೆವ್ವನ ಬಟ್ಟೆ ಒಗೆಯುವ ಯಂತ್ರವು ಹಾಕಿದ ಬಟ್ಟೆಗಳನ್ನು ಹೊರಗೆ ನೂಕುತ್ತ, “ಇಷ್ಟೆಲ್ಲಾ ಯಾಕ ತರಾಕ ಹೋದ್ರಿ!” ಎನ್ನುತ್ತಿತ್ತು. ಗೂಳಪ್ಪನ ಕರೆಗಂಟೆಯು ಬಂದವರ ಹೆಸರು ಹೇಳಲು ನಾಚಿಕೊಂಡು, “ಅವರ ಹೇಳ್ಲಿ ಬಿಡ್ರಿ, ದೊಡ್ಡವರು” ಎಂದಿತು; ಅವನ ಬೀಗರು ಅರ್ಧ ತಾಸು ಬಿಸಿಲಿನಲ್ಲಿ ನಿಂತು, ಅವಮಾನಗೊಂಡು ಹಿಂದಿರುಗಿದರು. ನೀರೆತ್ತುವ ಮೋಟಾರುಗಳ ಸ್ಥಿತಿಯಂತೂ ಹೇಳತೀರದು.

“ಮೊದಲ ನಿಮ್ಮದಾಗ್ಲಿ.”

“ಛೇ ಛೇ, ನೀವಿರೂವಾಗ ನಾನು? ನಿಮ್ಮದಾಗ್ಲಿ.”

“ಅದೆಲ್ಲಾ ಇಲ್ಲ, ನೀವು ಮೊದಲ!”

ಓಣಿಯ ಈ ತುದಿಯಿಂದ ಆ ತುದಿಯವರೆಗೆ ಪೆಟ್ಟಿಗೆಗಳು ಹೀಗೆ ಒಂದಕ್ಕೊಂದು ದಾರಿ ಬಿಟ್ಟುಕೊಡುತ್ತ ನಿಂತವು. ಯಾವುದೂ ಒಂದು ಹನಿ ನೀರೆತ್ತುವ ಲಕ್ಷಣವಿರಲಿಲ್ಲ. ನಿರ್ಣಾಯಕವೋ, ಫಕ್ಕೀರಪ್ಪನ ಅಂಗಳದಲ್ಲಿ ಕೋಳಿಯೊಂದಕ್ಕೆ ದಾರಿ ಬಿಡಲು ಹಿಂದೆ ಸರಿದು, ಕೋಳಿ ಹೆದರಿ ಹಿಂದೆ ಸರಿದಾಗ ಮತ್ತೆ ಹಿಂದೆ ಸರಿದು, ಗೋಡೆಗೆ ತಾಗಿ ನಿಂತಿತ್ತು.

“ನಾಳೆ ನೀರು!” ಎಂದು ಗೂಳಪ್ಪನು ಕೂಗಿದನು. “ಇವು ಹಿಂಗ ಉಪಚಾರ ಮಾಡಕೋತ ನಿಂತ್ರ, ಮತ್ತ ನಮ್ಮ ಎಮ್ಮಿಗ ಜಳಕ!”

“ಮರ್ಯಾದಿ ಕಿತ್ತ ಒಗದ್ರ ಸಂದೂ ಹರೀತೈತ್ರಿ, ಎರಡೂ ಕೂಡೇ ಹೊಸೆದೀನಿ,” ಎಂದು ಫಕ್ಕೀರಪ್ಪನು ತಲೆಯ ಮೇಲೆ ಕೈ ಹೊತ್ತು ಕುಳಿತನು. “ಬನವ್ವನ ಪೆಟಗಿ ಹೋಗತೈತಿ.”

ಆಗ ಎಲ್ಲರೂ ನನ್ನತ್ತ ನೋಡಿದರು. ನಾನು ಗಂಟಲು ಸರಿಪಡಿಸಿಕೊಂಡೆ. “ಫಕ್ಕೀರಪ್ಪ, ಮದುವಿ ಊಟಕ ಕುಂತಾಗ ಎಲ್ಲಾರೂ ‘ನೀವು ಸುರು ಮಾಡ್ರಿ, ನೀವು ಸುರು ಮಾಡ್ರಿ’ ಅಂತಾರ. ಹಂಗಂತ ಯಾರರ ಉಪವಾಸ ಎದ್ದಾರೇನು?”

“ಇಲ್ಲ.”

“ಯಾಕ?”

“ಸಾಲಿನಾಗ ಹಿರಿಯಾರು ಒಬ್ಬರು ಮೊದಲನೇ ತುತ್ತು ಎತ್ತತಾರ. ಆಮ್ಯಾಲೆ ಎಲ್ಲಾರೂ...” ಅವನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಎದ್ದು ಒಳಗೆ ಹೋಗಿ ಒಂದು ಸಾಲು ಬರೆದನು: ಹಿರಿಯ ಆವೃತ್ತಿ ಮೊದಲು ಆರಂಭಿಸತಕ್ಕದ್ದು, ಉಳಿದವು ಹಿಂಬಾಲಿಸತಕ್ಕದ್ದು.

ಓಣಿಯ ಪೆಟ್ಟಿಗೆಗಳಲ್ಲೆಲ್ಲ ಹಿರಿಯ ಆವೃತ್ತಿ ಯಾವುದೆಂಬುದನ್ನು ಓದುಗರಿಗೆ ಮತ್ತೆ ಹೇಳಬೇಕಾಗಿಲ್ಲ.

ನೀರಿನ ದಿನ ಹತ್ತು ಗಂಟೆಗೆ ಮೂವತ್ತೊಂಬತ್ತು ಮನೆಗಳ ಜನ ಕೊಡ, ಬಕೀಟು, ಹಂಡೆ ಸಮೇತರಾಗಿ ಬನವ್ವನ ಬಾಗಿಲ ಮುಂದೆ ನೆರೆದಿದ್ದೆವು. ಅವಳು ಒಳಗೆ ನಿಧಾನವಾಗಿ ತಲೆ ಬಾಚಿಕೊಳ್ಳುತ್ತಿದ್ದಳು. ಬೇಗ ಮಾಡವ್ವಾ ಎಂದು ಹೇಳುವ ಎದೆ ಯಾರಿಗೂ ಇರಲಿಲ್ಲ. ಬಾಚಿದಳು; ತುರುಬು ಕಟ್ಟಿದಳು; ದೇವರಿಗೆ ಕೈ ಮುಗಿದಳು; ಒಂದು ತಂಬಿಗೆ ನೀರು ಕುಡಿದಳು. ಗೂಳಪ್ಪನು ಕಣ್ಣು ಮುಚ್ಚಿ ತುಟಿ ಕಚ್ಚಿಕೊಂಡು ನಿಂತಿದ್ದನು.

ಅವಳು ಕುಣಿಗೆ ಇಳಿದು ಕಾಲಮಣೆಯನ್ನು ತುಳಿದಳು.

“ಕೆಂಪು ಎರಡು,” ಎಂದಿತು ಹಳೆಯ ಪೆಟ್ಟಿಗೆ. “ಹಳದಿ ಒಂದು.”

ಅಷ್ಟೇ ಸಾಕಾಯಿತು! ಮೂವತ್ತೊಂಬತ್ತು ಮೋಟಾರುಗಳು ಏಕಕಾಲಕ್ಕೆ ಮೊರೆದವು. ಮೂವತ್ತೊಂಬತ್ತು ಪೆಟ್ಟಿಗೆಗಳು “ನೀರು! ನೀರು!” ಎಂದು ಕೂಗಿದವು. ಮಿಕ್ಸರುಗಳು ಗರಗರನೆ ತಿರುಗಿದವು. ಹಾಡಹಗಲಿನಲ್ಲಿ ಬೀದಿದೀಪಗಳು ಹತ್ತಿದವು. ಕರೆಗಂಟೆಗಳು ಹಿಂದಿನ ದಿನ ಬಾಕಿ ಉಳಿಸಿಕೊಂಡಿದ್ದ ಬೀಗರ ಹೆಸರುಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದವು. ಜನರು ಕೊಡಗಳೊಡನೆ ದಿಕ್ಕುದಿಕ್ಕಿಗೆ ಓಡಿದರು. ಈ ಗದ್ದಲದ ನಡುವೆ ಬನವ್ವ ಲಾಳಿಯನ್ನು ನಿಲ್ಲಿಸಿ, “ಮಾಸ್ತರ, ಹೊರಗೇನು ಗಲಾಟಿ?” ಎಂದು ಕೇಳಿದಳು.

ಲಾಳಿ ನಿಂತೊಡನೆ ಮೂವತ್ತೊಂಬತ್ತು ಮೋಟಾರುಗಳೂ ನಿಂತವು.

“ಏನಿಲ್ಲ ಬನವ್ವಾ, ಏನಿಲ್ಲ! ನೀ ನೇಯಿ! ನಿಂದ್ರಬ್ಯಾಡ!” ಎಂದು ಇಡೀ ಓಣಿ ಒಕ್ಕೊರಲಿನಿಂದ ಚೀರಿತು.

ಅಂದಿನಿಂದ ನೂಲಿನ ಓಣಿಯ ಬದುಕು ಅವಳ ಕಾಲಮಣೆಗೆ ಕಟ್ಟುಬಿದ್ದಿದೆ. ಅವಳು ಚಹಾಕ್ಕೆ ಎದ್ದರೆ ನಮ್ಮ ಚಟ್ನಿ ತರಿತರಿಯಾಗಿಯೇ ನಿಲ್ಲುತ್ತದೆ. ಶಾಲೆಗೆ ಹೋಗುವ ಮಕ್ಕಳಿಗೆ ತಡವಾಗಬಾರದೆಂದು ಅವಳು ಈಗ ಒಂದು ತಾಸು ಮೊದಲೇ ಮಗ್ಗಕ್ಕೆ ಕೂಡುತ್ತಾಳೆ. ಅವಳಿಗೆ ದಣಿವಾಗದಂತೆ ಸರದಿಯ ಮೇಲೆ ಒಬ್ಬರು ನೂಲು ಸುತ್ತಿಕೊಡುತ್ತಾರೆ, ಒಬ್ಬರು ಬೆನ್ನಿಗೆ ದಿಂಬು ಕೊಡುತ್ತಾರೆ. ಕುಣಿಗೆ ಮಣ್ಣು ಹಾಕುವ ಮಾತನ್ನು ಈಗ ಯಾರೂ ಆಡುವುದಿಲ್ಲ; ಗೂಳಪ್ಪನು ಅದರ ಅಂಚಿಗೆ ಮೆತ್ತನೆಯ ಜಮಖಾನೆಯನ್ನೇ ಹಾಸಿಕೊಟ್ಟಿದ್ದಾನೆ.

ಕಳೆದ ವಾರ ಅವಳು ರೋಣದಲ್ಲಿರುವ ಮಗಳ ಮನೆಗೆ ಮೂರು ದಿನದ ಮಟ್ಟಿಗೆ ಹೋದಳು. ಗೂಳಪ್ಪನು ಅವಳ ಬದಲು ತಾನೇ ಕುಣಿಗೆ ಇಳಿದು ಕಾಲಮಣೆ ತುಳಿದು ನೋಡಿದನು. “ಬ್ಯಾಡ್ರಿ, ಅಕ್ಕಾರು ಬರ್ಲಿ,” ಎಂದಿತು, ಅವಳ ತುಳಿತವನ್ನಷ್ಟೇ ಬಲ್ಲ ಪೆಟ್ಟಿಗೆ. ನೂರು ಸಲ ತುಳಿದರೂ ಅದೇ ಉತ್ತರ! ಮೂರು ದಿನ ಓಣಿಯವರೆಲ್ಲ ಒರಳಿನಲ್ಲಿ ರುಬ್ಬಿ, ಕಲ್ಲಿನ ಮೇಲೆ ಬಟ್ಟೆ ಒಗೆದು, ಬಾಗಿಲಿನಲ್ಲಿ ನಿಂತು ಪರಸ್ಪರರನ್ನು ಹೆಸರು ಹಿಡಿದು ಕೂಗಿಕೊಂಡೆವು.

ನಾಲ್ಕನೆಯ ದಿನ ರೋಣದ ಬಸ್ಸು ನಿಲ್ದಾಣಕ್ಕೆ ಬಂದಾಗ ನಾವು ಮೂವತ್ತು ಜನ ಬಾಗಿಲಿಗೆ ಮುತ್ತಿದೆವು. ಫಕ್ಕೀರಪ್ಪನು ಬನವ್ವನ ಕೈ ಹಿಡಿದನು, ನಿಂಬೆವ್ವ ಅವಳ ಸೆರಗನ್ನು ಸರಿಪಡಿಸಿದಳು, ಗೂಳಪ್ಪನು ಅವಳ ಪುಟ್ಟ ಕೈಚೀಲವನ್ನು ಎರಡೂ ಕೈಗಳಿಂದ ಎದೆಗವಚಿಕೊಂಡನು.

ಕಂಡಕ್ಟರನು ಬೆರಗಾಗಿ ನನ್ನ ಕಿವಿಯ ಬಳಿಗೆ ಬಾಗಿದನು. “ಯಾರ್ರೀ ಅಜ್ಜಾರ, ಇವರು? ಎಮ್ಮೆಲ್ಲೆ ತಾಯಿ ಏನ್ರಿ?”

“ಅಲ್ಲಪಾ,” ಎಂದೆ. “ನಮ್ಮ ಓಣಿ ಮೇನ್ ಸ್ವಿಚ್ಚು.”